ಕುದುರೆಮರಿಯ ಮುಗಿಯದ ಬಾಲ

ಕಲ್ಯಾಣದುರ್ಗದ ಶೇಂಗಾ ವ್ಯಾಪಾರಿ ತಿಪ್ಪೇರುದ್ರಪ್ಪನವರು ಮಗಳ ಮದುವೆಗೆ ಬಳುವಳಿಯಾಗಿ ಕುದುರೆ ಕೊಡುತ್ತೇನೆಂದು ಹೇಳಿದಾಗ ಊರಿನಲ್ಲಿ ಯಾರೂ ನಗಲಿಲ್ಲ. ನಗಬೇಕಾಗಿತ್ತು. ಎಲ್ಲರೂ ಮಗಳ ಹಿಂದೆ ಒಂದು ಕರೆಯುವ ಹಸುವನ್ನು ಹೊಡೆದುಕೊಟ್ಟು ಕಣ್ಣೊರೆಸಿಕೊಂಡು ಮನೆಗೆ ಬರುತ್ತಾರೆ. ಆದರೆ ಅದು ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ ಬಂದು, ನಮ್ಮೂರ ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ, ಏರು ಸಿಕ್ಕಿದಲ್ಲೆಲ್ಲ ಟಿಕೆಟ್ ಕೊಂಡವರಿಂದಲೇ ತಳ್ಳಿಸಿಕೊಳ್ಳುತ್ತಾ ಓಡಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಮನೆ ಮುಂದೆ ಕುದುರೆ ಕಟ್ಟಿದವನೇ ದೊಡ್ಡವನು ಎಂಬುದು ತಿಪ್ಪೇರುದ್ರಪ್ಪನವರ ಎಣಿಕೆ. ಬೀಗರಾಗುವವರು ಹಿಂದೂಪುರದ ಬೆಲ್ಲದ ಮಂಡಿ ತೋಟಪ್ಪನವರು. ಬೆಲ್ಲದವರ ಎದುರಿಗೆ ಶೇಂಗಾದವರು ಸಣ್ಣಗೆ ಕಾಣಬಾರದಲ್ಲ!

ಕುದುರೆ ಸಿಕ್ಕಿದ್ದೂ ಹಿಂದೂಪುರದಲ್ಲೇ. ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದ ಅಶ್ವತ್ಥಪ್ಪನ ಬಳಿ ಒಂದು ವರ್ಷ ದಾಟಿದ ಗಂಡುಮರಿಯಿತ್ತು. ಬೆಳೆದ ಕುದುರೆಗಳನ್ನೆಲ್ಲ ಮಿಲಿಟರಿಯವರು ಕೊಂಡೊಯ್ದಿದ್ದರು. ಮರಿಯ ಮೈಯೆಲ್ಲ ಕಪ್ಪು, ಹಣೆಯಲ್ಲಿ ಬಿಳಿಯ ಬೊಟ್ಟು, ಆ ವಯಸ್ಸಿಗೆ ಸೊಂಪಾದ ಬಾಲ.

"ಗುರ್ರಂ ಅಂಟೇ ಇದಿ ಗುರ್ರಂ, ಸಾವ್ಕಾರ್ರೇ! ಕುದುರೆ ಅಂದ್ರೆ ಇದೇ! ಸುಳಿ ನೋಡ್ಕಳಿ, ಯಾವ ದೋಷಾನೂ ಇಲ್ಲ" ಎಂದ ಅಶ್ವತ್ಥಪ್ಪ.

ತಿಪ್ಪೇರುದ್ರಪ್ಪನವರು ಸುಳಿ ನೋಡುವವರನ್ನು ಕರೆಸಿ ಹಣೆ, ಎದೆ, ಬೆನ್ನು, ಪಕ್ಕೆ ಎಲ್ಲ ಹುಡುಕಿಸಿದರು. ಎಲ್ಲ ಸುಳಿಗಳೂ ಇರಬೇಕಾದ ಜಾಗದಲ್ಲೇ ಇದ್ದವು. ಮರಿಯನ್ನು ಮಡಕಶಿರಾ, ಕುಂದುರ್ಪಿ ದಾರಿಯಲ್ಲಿ ನಡೆಸಿಕೊಂಡು ಕಲ್ಯಾಣದುರ್ಗಕ್ಕೆ ತಂದದ್ದಾಯಿತು.

ಮಗಳು ಹಂಪಮ್ಮನಿಗೆ ಆಗ ಹದಿನೇಳು ವರ್ಷ. ತಾಯಿ ಇಲ್ಲದ ಹುಡುಗಿ, ಅಜ್ಜಿ ಕರಿಬಸಮ್ಮನ ಕೈಯಲ್ಲಿ ಬೆಳೆದವಳು. ಮರಿ ಬಂದ ದಿನವೇ ಅವಳು ಬೇಯಿಸಿದ ಹುರುಳಿಯನ್ನು ಅಂಗೈಯಲ್ಲಿಟ್ಟು ತಿನ್ನಿಸಿ, ಅದಕ್ಕೆ ಚಂದ್ರ ಎಂದು ಹೆಸರಿಟ್ಟಳು. ಆಮೇಲೆ ಅದು ಬೇರೆ ಯಾರ ಕೈಯಿಂದಲೂ ತಿನ್ನಲಿಲ್ಲ. ಹಿಂದೂಪುರ ಅವಳು ಕಂಡಿರದ ಊರು. ಗಂಡನಾಗುವವನನ್ನು ಕಿಟಕಿಯಿಂದ ಒಂದು ಸಲ ನೋಡಿದ್ದಳು, ಅದೂ ಬೆನ್ನು. ಅಷ್ಟು ದೂರದ ಮನೆಗೆ ಹೋದಾಗ ತನ್ನ ಗುರುತಿರುವ ಜೀವವೆಂದರೆ ಇದೊಂದೇ ಎಂದು ಅವಳು ಮೊದಲ ವಾರದಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಅಪ್ಪನಿಗೆ ಕುದುರೆ ಮರ್ಯಾದೆಯ ಮಾತು. ಮಗಳಿಗೆ ಅದು ಧೈರ್ಯ.

"ಅಜ್ಜಿ, ಚಂದ್ರ ಜೊತೇಲಿದ್ರೆ ನಾನು ಅಳದೇ ಹೋಯ್ತೀನಿ. ಅದಿಲ್ದಿದ್ರೆ ಹೋಗಾಕಾಗಲ್ಲ" ಎಂದಿದ್ದಳು.

"ಬುಡವ್ವ, ನಿಮ್ಮಪ್ಪ ಕೊಡ್ತೀನಿ ಅಂದ್ಮೇಲೆ ಕೊಡ್ತಾನೆ" ಎಂದಿದ್ದರು ಕರಿಬಸಮ್ಮ.

ಆದರೆ ಹಂಪಮ್ಮನ ಗದ್ದದ ಮೇಲೆ ಒಂದು ನರಹುಲಿ ಇತ್ತು. ಕಡಲೆಕಾಳಿನಷ್ಟು. ಹೆಣ್ಣು ನೋಡಲು ಬಂದಿದ್ದಾಗ ತೋಟಪ್ಪನವರ ಹೆಂಡತಿ ಸರ್ವಮಂಗಳಮ್ಮ ಎಲ್ಲ ಒಪ್ಪಿ, ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಹುಡುಗಿ ಚೆಂದಾಗೈತೆ ಕಣಮ್ಮ. ಗದ್ದದ ಮ್ಯಾಲೆ ಆ ಪುಲಿಪಿರಿ ಒಂದು ಉದುರಿಬಿಟ್ರೆ..." ಎಂದು ಹೇಳಿ ಉಳಿದದ್ದನ್ನು ಹೇಳದೆ ಹೋಗಿದ್ದರು. ಹೇಳದೆ ಬಿಟ್ಟ ಮಾತೇ ಹೆಚ್ಚು ಚುಚ್ಚುತ್ತದೆ. ಕರಿಬಸಮ್ಮ ಅವತ್ತಿನಿಂದ ನಿದ್ದೆಗೆಟ್ಟಿದ್ದರು.

ಕುದುರೆಯ ಬಾಲದ ಕೂದಲನ್ನು ಬಿಗಿಯಾಗಿ ಕಟ್ಟಿದರೆ ನರಹುಲಿ ಒಣಗಿ ಉದುರುತ್ತದೆಂಬುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕೂದಲು ಸಿಗುವುದೇ ಕಷ್ಟ. ಅನಂತಪುರಕ್ಕೆ ಹೋಗಿ, ನಿಂತ ಜಟಕಾದ ಹಿಂದೆ ಸುಳಿದಾಡಿ ಒದೆಸಿಕೊಂಡು ಬಂದವರುಂಟು. ಈಗ ಮನೆಯಲ್ಲೇ ಬಾಲವಿತ್ತು. ಕರಿಬಸಮ್ಮ ಒಂದು ಎಳೆ ಕೀಳಿಸಿ, ಶಿವನಾಮ ಹೇಳಿ, ಮೊಮ್ಮಗಳ ನರಹುಲಿಯ ಬುಡಕ್ಕೆ ಗಂಟು ಹಾಕಿದರು. ಅದು ಕಪ್ಪಾಯಿತು, ಒಣಗಿತು, ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೈಗೇ ಬಂತು. ಅಜ್ಜಿ ಎಲ್ಲರ ಮನೆಗೂ ಸಕ್ಕರೆ ಹಂಚಿದರು. ಇಲ್ಲಿಗೇ ನಿಂತಿದ್ದರೆ ಈ ಕತೆ ಹೇಳುವ ಕೆಲಸ ನನಗೆ ಇರುತ್ತಿರಲಿಲ್ಲ.

ಅದೇ ತಿಂಗಳು ಚಂದ್ರನ ಮೂತಿಯ ಮೇಲೆ ಸಾಸಿವೆಕಾಳಿನಂಥವು ಕಾಣಿಸಿಕೊಂಡವು. ನೋಡುತ್ತಿದ್ದಂತೆ ಅವು ಬೆಳೆದು, ತುಟಿ, ಮೂಗಿನ ಹೊಳ್ಳೆ, ಗಲ್ಲ ಎಲ್ಲ ಕಡೆ ಬೂದುಬಣ್ಣದ ಗಂಟುಗಳು ತುಂಬಿಕೊಂಡವು. ನರಹುಲಿಯೇ. ಸಂಶಯವಿರಲಿಲ್ಲ.

ತಿಪ್ಪೇರುದ್ರಪ್ಪನವರು ದನದ ಡಾಕ್ಟರ್ ಸೀತಾರಾಮಪ್ಪನವರನ್ನು ಕರೆಸಿದರು. ಡಾಕ್ಟರು ಮರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು, ಮೂತಿ ನೋಡಿದರು, ಕೈ ತೊಳೆದುಕೊಂಡರು.

"ಎಳೇ ಕುದುರೆಗಳಿಗೆ ಇದು ಬರುತ್ತೆ. ಮೂರು ನಾಲ್ಕು ತಿಂಗಳಲ್ಲಿ ತಾನಾಗೇ ಉದುರಿ ಹೋಗುತ್ತೆ. ಸುಡಬೇಡಿ, ಕೊಯ್ಯಬೇಡಿ, ಏನೂ ಹಚ್ಚಬೇಡಿ. ಬೇರೆ ಮರಿಗಳ ಜೊತೆ ಒಂದೇ ತೊಟ್ಟೀಲಿ ನೀರು ಕುಡಿಸಬೇಡಿ, ಅಷ್ಟೇ" ಎಂದರು.

"ಔಷಧಿ?"

"ಬೇಕಾಗಿಲ್ಲ."

"ಒಂದು ಸೂಜಿನಾದ್ರೂ ಚುಚ್ಚಿ ಸ್ವಾಮಿ."

"ಬೇಕಾಗಿಲ್ಲ ಅಂದೆನಲ್ಲ."

ಡಾಕ್ಟರು ಹೋದ ಮೇಲೆ ತಿಪ್ಪೇರುದ್ರಪ್ಪನವರು ಜಗಲಿಯಲ್ಲಿ ನಿಂತು, "ಏನೂ ಮಾಡಬ್ಯಾಡಿ ಅನ್ನಾಕೆ ಮದ್ರಾಸಿನಲ್ಲಿ ಹೋಗಿ ಓದಬೇಕೇನಪ್ಪ? ಅದನ್ನ ನಾನೇ ಮಾಡ್ತಿದ್ನಲ್ಲ!" ಎಂದರು. ಪಾಪ, ಸೀತಾರಾಮಪ್ಪನವರು ಒಂದು ಬಾಟಲಿಯಲ್ಲಿ ಕೆಂಪು ನೀರು ತುಂಬಿ ಕೊಟ್ಟಿದ್ದರೆ ಅವರ ಫೋಟೋ ಇವತ್ತಿಗೂ ನಮ್ಮೂರ ಮನೆಗಳಲ್ಲಿ ತೂಗಾಡುತ್ತಿರುತ್ತಿತ್ತು. ನಿಜ ಹೇಳಿ ಕೆಟ್ಟರು.

ಏನೂ ಮಾಡದೆ ಇರುವುದು ನಮ್ಮೂರಿನವರ ಕೈಲಾಗದ ಕೆಲಸ. ಒಬ್ಬರು ಸುಣ್ಣ ಸೋಡ ಕಲಸಿ ತಂದರು. ಇನ್ನೊಬ್ಬರು ಉಪ್ಪು ಮೆಣಸಿನಕಾಯಿ ನೀವಾಳಿಸಿ ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬಂದರು. ಮತ್ತೊಬ್ಬರು ಎಕ್ಕದ ಹಾಲು ಹಚ್ಚಿಸಿದರು. ಎಕ್ಕದ ಹಾಲಿಗೆ ಚಂದ್ರನ ತುಟಿ ಊದಿಕೊಂಡು, ಅದು ಹುರುಳಿಯನ್ನು ಮೂಸಿ ನೋಡಿ ಮುಖ ತಿರುಗಿಸಿತು. ಹಂಪಮ್ಮ ಅದರ ಕುತ್ತಿಗೆ ಅಪ್ಪಿಕೊಂಡು ಅತ್ತಳು. ಆಮೇಲೆ ಹೊರಗೆ ಬಂದು, ಗಂಡಸರ ಮುಂದೆ ಎಂದೂ ದನಿ ಎತ್ತದವಳು, "ಇನ್ನೊಂದ್ಸಲ ಆ ಹಾಲು ತಂದ್ರೆ ನನ್ನ ಮುಖಕ್ಕೇ ಬಳೀರಿ!" ಎಂದಳು. ತಂದವರು ಹಿಂದಕ್ಕೆ ಸರಿದರು.

ಆಗ ಬಂದವನು ಬಟ್ಟೆ ಅಂಗಡಿ ನರಸಪ್ಪ. ನಮ್ಮೂರಿನಲ್ಲಿ ಯಾವ ವಿಷಯಕ್ಕಾದರೂ ಕೊನೆಯ ಮಾತು ನರಸಪ್ಪನದೇ. ಜರ್ಮನಿಯವರು ಯಾವ ಕಡೆಯಿಂದ ನುಗ್ಗಬೇಕೆಂಬುದನ್ನು ಅವನು ಅಂಗಡಿಯಲ್ಲಿ ಕುಳಿತು ಗಜದ ಕೋಲಿನಿಂದ ತೋರಿಸುತ್ತಿದ್ದ. ಮೊದಲು ಅವನು, ಮನುಷ್ಯರ ನರಹುಲಿಗೆ ಕುದುರೆಯ ಕೂದಲಾದರೆ ಕುದುರೆಯ ನರಹುಲಿಗೆ ಮನುಷ್ಯರ ಕೂದಲು ಕಟ್ಟಬೇಕೆಂದು ಹೇಳಿದ. ಯಾರ ಕೂದಲು ಎಂಬ ಚರ್ಚೆ ಎದ್ದಿತು. ನರಸಪ್ಪನ ತಲೆ ಬೋಳು, ಆದ್ದರಿಂದ ಅವನು ಬಹಳ ಧಾರಾಳವಾಗಿ ಎಲ್ಲರ ತಲೆಯನ್ನೂ ನೋಡಿದ. ಆದರೆ ಚಂದ್ರ ಮೂತಿ ಮುಟ್ಟಗೊಡಲಿಲ್ಲ. ಒದೆ ತಿಂದ ಮೇಲೆ ನರಸಪ್ಪ ಹೆಚ್ಚು ಆಳವಾಗಿ ಯೋಚನೆ ಮಾಡಿದ.

"ಸಾವ್ಕಾರ್ರೇ, ನರೂಲಿ ಅನ್ನೋದು ಸಾಯಲ್ಲ. ಅದು ಹೋಯ್ತದೆ. ಎಲ್ಲಿಗೆ ಹೋಯ್ತದೆ? ಯಾರ ಕೂದಲು ಕಟ್ಟಿದ್ರೋ ಅಲ್ಲಿಗೆ! ನಿಮ್ಮ ಹುಡುಗಿ ಗದ್ದದ್ದು ಉದುರ್ತು, ಕುದುರೆ ಮೂತಿಗೆ ಹತ್ತಿಕೊಳ್ತು. ಇನ್ನೇನು ರುಜುವಾತು ಬೇಕು?"

"ಒಂದು ಹೋಗಿ ಇಷ್ಟಾಯ್ತಾ?" ಎಂದರು ತಿಪ್ಪೇರುದ್ರಪ್ಪನವರು.

"ಒಂದು ಶೇಂಗಾ ಬಿತ್ತಿದ್ರೆ ಒಂದೇ ಕಾಯಿ ಬತ್ತದಾ?"

ಶೇಂಗಾ ವ್ಯಾಪಾರಿ ಹೌದಲ್ಲ ಎಂದು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು.

ಈ ಮಾತು ಬಸ್ಸಿಗಿಂತ ಬೇಗ ಹಿಂದೂಪುರ ಮುಟ್ಟಿತು. ತೋಟಪ್ಪನವರು ಆಳನ್ನು ಕಳಿಸಿ ಹೇಳಿಸಿದರು. ಹುಡುಗಿಯ ಪುಲಿಪಿರಿ ಕುದುರೆಗೆ ಹೋದದ್ದು ಸಂತೋಷ, ಆದರೆ ಕುದುರೆಯದು ನಮ್ಮ ಹುಡುಗನಿಗೆ ಬರುವುದು ಬೇಡ. ಆ ಮರಿ ಇರುವ ತನಕ ಲಗ್ನದ ಮಾತು ಬೇಡ. ಅಪ್ಪ ಅಂಗಳದಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ಹಂಪಮ್ಮ ಚಂದ್ರನ ಪಕ್ಕ ನಿಂತು ಕೇಳಿಸಿಕೊಂಡಳು. ಊರಿನ ಹೆಂಗಸರು ಅವಳನ್ನು ನೋಡಿ, "ಪಾಪ ಮೂಕಪ್ರಾಣಿಗೆ ತನ್ನ ಪೀಡೆ ಅಂಟಿಸಿಬುಟ್ಳಲ್ಲ" ಎಂದು ಕೇಳುವಂತೆಯೇ ಹೇಳಿಕೊಂಡರು. ತನ್ನಿಂದಲೇ ಆಯಿತೇನೋ ಎಂದು ಅವಳಿಗೂ ಅನ್ನಿಸಿತು.

ಆದರೆ ನರಸಪ್ಪನಿಗೆ ಹೆಬ್ಬೆರಳಿನ ಮೇಲೆ ಒಂದು ನರಹುಲಿ ಇತ್ತು. ಗಜದ ಕೋಲು ಹಿಡಿಯುವ ಬೆರಳು. ಅವನು ಮೆಲ್ಲಗೆ ಬಂದು, "ಹೆಂಗೂ ಅದರ ಮೂತಿ ಕೆಟ್ಟೈತೆ. ಇನ್ನೊಂದು ಹೋದ್ರೆ ಏನಾಯ್ತದೆ?" ಎಂದು ಒಂದು ಎಳೆ ಕೀಳಿಸಿಕೊಂಡು ಕಟ್ಟಿಸಿಕೊಂಡ. ಅದು ಒಣಗಿ ಬಿತ್ತು. ಅದೇ ಹೊತ್ತಿಗೆ ಚಂದ್ರನ ಕೆಳತುಟಿಯಲ್ಲಿ ಇನ್ನೂ ಕೆಲವು ಎದ್ದವು. ನರಸಪ್ಪ ತನ್ನ ಹೆಬ್ಬೆರಳನ್ನೂ ಕುದುರೆಯ ತುಟಿಯನ್ನೂ ಜೋಡಿಸಿ ಬೀದಿಗೆಲ್ಲ ತೋರಿಸಿದ.

ಇಷ್ಟಾಗಿದ್ದೇ ತಡ, ಜನ ಬರತೊಡಗಿದರು. ನಮ್ಮ ತಾಲ್ಲೂಕಿನಲ್ಲಿ ಇಷ್ಟು ನರಹುಲಿಗಳಿದ್ದವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬ್ರಹ್ಮಸಮುದ್ರದವರು ಬಸ್ಸು ತಳ್ಳಿಕೊಂಡು ಬಂದರು. ಕಂಬದೂರಿನವರು ಗಾಡಿ ಕಟ್ಟಿಕೊಂಡು ಬಂದರು. ಕುಂದುರ್ಪಿಯ ಕುರಿಯವರು ಮಂದೆಯನ್ನೇ ಹೊಡೆದುಕೊಂಡು ಬಂದರು. ಕುತ್ತಿಗೆ, ಕೈ, ಕಾಲು, ಮೂಗು, ಕೆಲವರು ಹೇಳಲಾರದ ಜಾಗ. ಪೀಡೆ ಹಿಡಿದ ಕುದುರೆ ಈಗ ಪೀಡೆ ಹೊರುವ ಕುದುರೆಯಾಯಿತು. ಬಂದವರು ಹುರುಳಿ ತಂದರು, ಕಾಯಿ ಒಡೆದರು, ಯಾರೋ ಅದರ ಹಣೆಗೆ ವಿಭೂತಿ ಎಳೆದರು. ಮೊನ್ನೆ ತಲೆಯ ಮೇಲೆ ಕೈಹೊತ್ತಿದ್ದ ತಿಪ್ಪೇರುದ್ರಪ್ಪನವರು ಅದೇ ಕೈಯಲ್ಲಿ ಮನೆ ಮುಂದೆ ಚಪ್ಪರ ಹಾಕಿಸಿ, ಶಲ್ಯ ಹೊದ್ದು ಕುರ್ಚಿಯಲ್ಲಿ ಕೂತರು.

"ನಮ್ಮದು ಅಂತ ಒಂದು ಸೇವೆ ಅಷ್ಟೇ" ಎನ್ನುತ್ತಿದ್ದರು, ಯಾರೂ ಕೇಳದಿದ್ದರೂ.

ಕೂದಲು ಕೀಳುವ ಕೆಲಸ ಹಂಪಮ್ಮನ ಪಾಲಿಗೆ ಬಂತು. ಬೇರೆಯವರು ಹತ್ತಿರ ಹೋದರೆ ಚಂದ್ರ ಒದೆಯುತ್ತಿತ್ತು. ಅವಳು ಹೋದರೆ ಒದೆಯುತ್ತಿರಲಿಲ್ಲ, ಆದರೆ ಪ್ರತಿ ಎಳೆಗೂ ಅದರ ಮೈಯೆಲ್ಲ ಒಮ್ಮೆ ನಡುಗುತ್ತಿತ್ತು. ತಿರುಗಿ ಅವಳ ಮುಖ ನೋಡುತ್ತಿತ್ತು. ಎಕ್ಕದ ಹಾಲು ಹಚ್ಚಿದವರನ್ನು ಬೈಯಬಹುದು, ನಂಬಿದವಳೇ ಕೀಳುತ್ತಿದ್ದರೆ ಅದು ಯಾರನ್ನು ಬೈಯಬೇಕು? ಸಂಕ್ರಾಂತಿಯ ಹೊತ್ತಿಗೆ ಬಾಲದ ಬುಡದಲ್ಲಿ ರಕ್ತ ಜಿನುಗಿತ್ತು.

ಸಂಕ್ರಾಂತಿಯ ಮಾರನೆಯ ದಿನದಿಂದ ಅವಳು ಒಂದು ಕಟ್ಟುನಿಟ್ಟು ಮಾಡಿದಳು. ಕೊಟ್ಟಿಗೆಯೊಳಗೆ ಯಾರೂ ಬರಕೂಡದು. ಬಂದವರು ಚಪ್ಪರದಲ್ಲಿ ಕಾಯಬೇಕು. ಅವಳೊಬ್ಬಳೇ ಒಳಗೆ ಹೋಗಿ, ಎಣ್ಣೆ ಹಚ್ಚಿ ಹೊಸೆದ ಎಳೆಯನ್ನು ಎಲೆಯಲ್ಲಿಟ್ಟು ತಂದುಕೊಡುತ್ತಾಳೆ. ನರಸಪ್ಪ ಇದು ಮಡಿ ಎಂದು ವಿವರಿಸಿದ. ಜನಕ್ಕೆ ಭಕ್ತಿ ಇನ್ನೂ ಹೆಚ್ಚಾಯಿತು.

ನಮ್ಮ ಕಡೆ ಹೆಂಗಸರು ತಲೆ ಬಾಚಿಕೊಂಡಾಗ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಸೂಜಿ ಪಿನ್ನು ಮಾರುವವಳು ಬಂದಾಗ ಆ ಉಂಡೆಗಳನ್ನು ಕೊಟ್ಟು ಸೂಜಿ ತೆಗೆದುಕೊಳ್ಳುತ್ತಾರೆ. ಆ ವರ್ಷ ಸೂಜಿ ಮಾರುವ ನಾರಮ್ಮ ಬುಟ್ಟಿ ಇಳಿಸಿ ಕೂತಾಗ ತಿಪ್ಪೇರುದ್ರಪ್ಪನವರ ಮನೆಯಲ್ಲಿ ಕೂದಲೇ ಸಿಗಲಿಲ್ಲ.

"ಮೊಣಕಾಲು ಮುಟ್ಟೋ ಜಡೆ ಐತೆ, ಒಂದು ಉಂಡೇನೂ ಇಲ್ವೇನವ್ವ?" ಎಂದು ಅವಳು ಹಂಪಮ್ಮನನ್ನು ಕೇಳಿದಳು.

"ಈಗೀಗ ಕೂದಲು ಉದುರಲ್ಲ ಕಣಮ್ಮ" ಎಂದಳು ಹಂಪಮ್ಮ.

ಇತ್ತ ಚಂದ್ರನ ಬಾಲ ಮತ್ತೆ ಸೊಂಪಾಯಿತು. ಹಳ್ಳಿ ಹಳ್ಳಿಗೆ ಹಂಚಿದ ಬಾಲ ಖಾಲಿಯಾಗಬೇಕಿತ್ತು, ಅದು ತುಂಬಿಕೊಂಡಿತು. ಕಣ್ಣಿದ್ದವರಿಗೆ ಇಷ್ಟೇ ಸಾಕಾಗಿತ್ತು. ಆದರೆ ಎಲ್ಲರೂ ಮೂತಿಯನ್ನೇ ನೋಡುತ್ತಿದ್ದರು. ಬಾಲ ನೋಡಿದವನು ನರಸಪ್ಪ ಒಬ್ಬ. ಅವನೂ ನೋಡಿ, ಕೈಮುಗಿದು, "ಅಕ್ಷಯ ಬಾಲ ಕಣ್ರಪ್ಪಾ! ಕೊಟ್ಟಷ್ಟೂ ಮುಗಿಯಲ್ಲ!" ಎಂದುಬಿಟ್ಟ.

ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ, ಹಿಂದೂಪುರದ ತೋಟಪ್ಪನವರು ಬಿಸಿಲಿನಲ್ಲೂ ಕೊರಳಿಗೆ ವಲ್ಲಿ ಸುತ್ತಿಕೊಂಡು ಒಬ್ಬರೇ ಬಂದಿಳಿದರು. ಶೇಂಗಾ ಧಾರಣೆ ವಿಚಾರಿಸಲು ಬಂದೆ ಎಂದರು. ಬೆಲ್ಲದವರಿಗೆ ಶೇಂಗಾ ಧಾರಣೆ ಏಕೆ ಎಂದು ಯಾರೂ ಕೇಳಲಿಲ್ಲ. ಕಾಫಿ ಆದ ಮೇಲೆ ಅವರು ವಲ್ಲಿ ಸಡಿಲಿಸಿದರು. ಕತ್ತಿನ ಹಿಂದೆ, ಅಂಗಿಯ ಕಾಲರು ಉಜ್ಜುವಲ್ಲಿ, ಹುಣಸೆಬೀಜದಷ್ಟು ದೊಡ್ಡ ನರಹುಲಿ.

"ನಮ್ಮನೇವಳಿಗೆ ಗೊತ್ತಾಗಬಾರದು ಬೀಗ್ರೇ. ಹುಡುಗಿ ಗದ್ದದ್ದು ಎತ್ತಿ ಆಡಿದೋಳು ಅವಳು."

ಹಂಪಮ್ಮ ಎಲೆಯಲ್ಲಿ ಎಳೆ ತಂದುಕೊಟ್ಟಳು. ಕರಿಬಸಮ್ಮ ಗಂಟು ಹಾಕಿದರು. ತೋಟಪ್ಪನವರು ಚಂದ್ರನಿಗೆ ದೂರದಿಂದಲೇ ನಮಸ್ಕಾರ ಮಾಡಿ, ಹೊರಡುವಾಗ ಅಂಗಳದಲ್ಲಿ ನಿಂತು, "ಲಗ್ನ ವೈಶಾಖಕ್ಕೇ ಇಟ್ಕಳಣ. ಆ ಕುದುರೆ ಮಾತ್ರ ಮರೀದೆ ಕಳಿಸಿಕೊಡಿ. ಮನೇಲಿದ್ರೆ ನಾಲ್ಕು ಜನಕ್ಕೆ ಅನುಕೂಲ" ಎಂದರು. ಹುಡುಗಿಯ ವಿಷಯ ಅವರಿಗೆ ನೆನಪಾಗಲಿಲ್ಲ. ಹಂಪಮ್ಮನಿಗೆ ಅದೇನೂ ಬೇಸರವಾಗಲಿಲ್ಲ. ಚಂದ್ರ ಬರುತ್ತದಲ್ಲ, ಅಷ್ಟು ಸಾಕು ಎಂದು ಅವಳು ಕೊಟ್ಟಿಗೆಗೆ ಹೋಗಿ ಅದರ ಕಿವಿಯಲ್ಲಿ ಹೇಳಿದಳು.

ಆಮೇಲೆ ಫಾಲ್ಗುಣ ಬಂತು. ಡಾಕ್ಟರು ಹೇಳಿದ ಮೂರು ನಾಲ್ಕು ತಿಂಗಳು ಕಳೆಯಿತು. ಚಂದ್ರನ ಮೂತಿಯ ಗಂಟುಗಳು ಒಂದೊಂದಾಗಿ ಒಣಗಿ, ಹುರುಳಿ ತಿನ್ನುವಾಗ ಉದುರಿ, ಬುಟ್ಟಿಯ ತಳದಲ್ಲಿ ಸಿಗತೊಡಗಿದವು. ಒಂದು ವಾರ ಕಳೆಯುವುದರೊಳಗೆ ಮೂತಿ ನುಣ್ಣಗಾಯಿತು. ಹಂಪಮ್ಮ ಅದಕ್ಕೆ ಬೆಲ್ಲ ತಿನ್ನಿಸಿದಳು.

ಊರು ಹೆದರಿ ಸತ್ತಿತು.

ಏಕೆಂದರೆ ನರಹುಲಿ ಸಾಯುವುದಿಲ್ಲ, ಹೋಗುತ್ತದೆ. ನರಸಪ್ಪ ಹೇಳಿದ್ದು ಎಲ್ಲರಿಗೂ ಬಾಯಿಪಾಠವಾಗಿತ್ತು. ಬ್ರಹ್ಮಸಮುದ್ರ, ಕಂಬದೂರು, ಕುಂದುರ್ಪಿಗಳ ಸಮಸ್ತ ನರಹುಲಿಗಳೂ ಈ ಮೂತಿಯಲ್ಲಿ ಕೂತಿದ್ದವು. ಈಗ ಅಲ್ಲಿ ಇಲ್ಲ. ಎಲ್ಲಿಗೆ ಹೋದವು? ಸೊಳ್ಳೆ ಕಚ್ಚಿದ ಗುಳ್ಳೆ ಕಂಡರೂ ಜನ ಕೂಗಿಕೊಂಡರು. ಎದುರು ಮನೆಯವರು ಕಿಟಕಿಗೆ ಗೋಣಿ ಕಟ್ಟಿದರು. ಕಾಯಿ ಒಡೆದವರೇ ಈಗ ಆ ಬೀದಿಗೆ ಕಾಲಿಡದೆ ಸುತ್ತಿ ಬಳಸಿ ಹೋಗುತ್ತಿದ್ದರು. ಸೀತಾರಾಮಪ್ಪನವರು ಬಂದು, "ಉದುರುತ್ತೆ ಅಂತ ನಾನು ಹೇಳಿರಲಿಲ್ವೇ?" ಎಂದರು. "ಉದುರ್ತದೆ ಅಂದ್ರಿ, ಎಲ್ಲಿಗೆ ಹೋಯ್ತದೆ ಅಂತ ಹೇಳ್ಲಿಲ್ವಲ್ಲ ಸ್ವಾಮಿ!" ಎಂದು ಜನ ಅವರ ಮೇಲೇ ತಿರುಗಿಬಿದ್ದರು.

ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ತಿಪ್ಪೇರುದ್ರಪ್ಪನವರ ಚಪ್ಪರದಲ್ಲಿ ಊರೆಲ್ಲ ಸೇರಿತು. ಲಗ್ನಪತ್ರಿಕೆ ಬರೆಸಲು ಬಂದಿದ್ದ ತೋಟಪ್ಪನವರೂ ಸಿಕ್ಕಿಹಾಕಿಕೊಂಡರು. ಅವರ ಕತ್ತು ನುಣ್ಣಗಿತ್ತು, ಆದರೆ ಅವರು ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನರಸಪ್ಪ ತೀರ್ಪು ಹೇಳಿದ. "ಅದರ ಮೈಯಿಂದ ಈಚೆಗೆ ಬಿದ್ದಿದ್ದು ಇನ್ನೂ ಅದರ ಸುತ್ತಲೇ ಸುಳೀತಾ ಐತೆ. ಮರೀನ ಕುಂದುರ್ಪಿ ಆಚೆ ಹೊಡೆದು ಗಡಿ ದಾಟಿಸಿಬುಡಣ. ಆಮೇಲೆ ಮೈಸೂರು ಸಂಸ್ಥಾನದೋರು ನೋಡ್ಕಂತಾರೆ. ಅವರ ಮಹಾರಾಜರಿಗೆ ಕುದುರೆ ಅಂದ್ರೆ ಇಷ್ಟ."

"ಗಡಿಯಾಚೆ ಕಾಡೈತೆ, ಚಿರತೆ ಐತೆ" ಎಂದರು ಕರಿಬಸಮ್ಮ ಬಾಗಿಲಿನಿಂದ.

"ಹಂಗಾದ್ರೆ ಚಿರತೆಗೆ ಹತ್ತಿಕಳ್ಲಿ."

ತಿಪ್ಪೇರುದ್ರಪ್ಪನವರು ತೋಟಪ್ಪನವರ ಮುಖ ನೋಡಿದರು. ತೋಟಪ್ಪನವರು ಕತ್ತು ಸವರಿಕೊಂಡು, "ಊರೋರು ಹೇಳ್ತಿರೋದು ಸರಿ ಬೀಗ್ರೇ. ಹುಡುಗಿ ಬರ್ಲಿ. ಮರಿ ಬ್ಯಾಡ" ಎಂದರು. ಅಪ್ಪ ತಲೆ ತಗ್ಗಿಸಿ, ಆಳಿಗೆ ಹಗ್ಗ ತರಲು ಕೈಸನ್ನೆ ಮಾಡಿದರು.

ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ಹಂಪಮ್ಮ ನಿಂತಿದ್ದಳು. ಸೆರಗು ತಲೆಯ ಮೇಲಿರಲಿಲ್ಲ. ಈ ಮಾತು ಬಾಯಿಂದ ಹೊರಬಿದ್ದರೆ ಮದುವೆ ಮುರಿಯಬಹುದು, ಅಪ್ಪನ ಮಾನ ಹೋಗಬಹುದು, ಊರು ತನ್ನನ್ನೇ ಗಡಿ ದಾಟಿಸಬಹುದು. ಎಲ್ಲ ಗೊತ್ತಿತ್ತು. ಹಿಂದೆ ಚಂದ್ರ ಅವಳ ಭುಜಕ್ಕೆ ನುಣ್ಣನೆಯ ಮೂತಿ ಒತ್ತಿಕೊಂಡು ನಿಂತಿತ್ತು.

"ಅಪ್ಪಯ್ಯ, ಮೊದಮೊದಲು ಕೊಟ್ಟಿದ್ದು ಚಂದ್ರನ ಕೂದಲು. ನರಸಪ್ಪಣ್ಣಂಗೆ ಕಟ್ಟಿದ್ದು ಅದೇ. ಸಂಕ್ರಾಂತಿ ಆದ್ಮೇಲೆ ಅದರ ಬಾಲದಿಂದ ಒಂದು ಎಳೇನೂ ನಾನು ಕಿತ್ತಿಲ್ಲ. ಅದಕ್ಕೆ ನೋಯ್ತಿತ್ತು."

"ಮತ್ತೆ ಜನಕ್ಕೆ ಕೊಟ್ಟಿದ್ದು?" ಎಂದರು ತಿಪ್ಪೇರುದ್ರಪ್ಪನವರು.

ಅವಳು ಸೆರಗಿನ ಗಂಟು ಬಿಚ್ಚಿ ಕೈ ಚಾಚಿದಳು. ಅಂಗೈಯಲ್ಲಿ ಬಾಚಿದ ಕೂದಲಿನ ಒಂದು ಕಪ್ಪು ಉಂಡೆ.

"ನಂದು. ಮೂರೆಳೆ ಸೇರಿಸಿ, ಎಣ್ಣೆ ಹಚ್ಚಿ ಹೊಸೆದು ಕೊಟ್ಟೆ. ಕಂಬದೂರೋರ್ಗೂ ನಂದೇ, ಬ್ರಹ್ಮಸಮುದ್ರದೋರ್ಗೂ ನಂದೇ. ಮಾವಾರ ಕತ್ತಿಗೂ ನಂದೇ."

ತೋಟಪ್ಪನವರ ಕೈ ಕತ್ತಿನ ಮೇಲೆಯೇ ನಿಂತುಹೋಯಿತು. ಅವಳ ಹತ್ತಿರ ನಿಂತಿದ್ದವರು ಒಂದು ಹೆಜ್ಜೆ ಹಿಂದಕ್ಕಿಟ್ಟರು. ಅವಳು ಅದನ್ನು ನೋಡಿದಳು. ನೋಡಿ, ಅವರು ಬಿಟ್ಟ ಜಾಗಕ್ಕೆ ತಾನೇ ಮುಂದೆ ಬಂದು ನಿಂತಳು.

"ಕೂದಲು ಕೊಟ್ಟೋರಿಗೆ ನರೂಲಿ ಬರೋದಾದ್ರೆ ತಾಲ್ಲೂಕಿನ ನರೂಲಿ ಎಲ್ಲ ನನ್ನ ಮೈಮ್ಯಾಲಿರಬೇಕಿತ್ತು. ಇಕಾ, ನನ್ನ ಮುಖ. ಇಕಾ, ನನ್ನ ಕೈ. ಹುಡುಕ್ರಿ, ಒಂದಾದ್ರೂ ಸಿಕ್ಕಿದ್ರೆ ಮರಿ ಜೊತೆ ನನ್ನೂ ಗಡಿ ದಾಟಿಸ್ರಿ. ಸಿಗದಿದ್ರೆ ಅದರ ತಂಟೆಗೆ ಬರಬ್ಯಾಡ್ರಿ."

ಬೆಳಗಿನ ಬಿಸಿಲು ಅವಳ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಮುಖ ತೊಳೆದಿಟ್ಟ ಹಾಗಿತ್ತು. ಹಿಂದೆ ನಿಂತ ಸೀತಾರಾಮಪ್ಪನವರಿಗೆ ಬಹಳ ಸಂತೋಷವಾಗಿ, "ಬಿಗಿಯಾಗಿ ಕಟ್ಟಿದ್ರೆ ಗೋಣಿದಾರಕ್ಕೂ ಉದುರುತ್ತೆ ಕಣ್ರಯ್ಯಾ, ಅದಕ್ಕೆ ಯಾರ ಕೂದಲೂ ಬೇಡ" ಎಂದರು. ಈಗಲಾದರೂ ನಮ್ಮೂರಿಗೆ ಬುದ್ಧಿ ಬರುತ್ತದೆಂದು ನಾ‌ನೂ ಒಂದು ಗಳಿಗೆ ನಂಬಿದ್ದೆ.

ಆಗ ಕಂಬದೂರಿನ ಒಬ್ಬ ಮುದುಕಿ ಗುಂಪು ಸರಿಸಿಕೊಂಡು ಮುಂದೆ ಬಂದಳು. ಅವಳ ರೆಪ್ಪೆಯ ಮೇಲೆ ಸಣ್ಣದೊಂದು ನರಹುಲಿ ಇತ್ತು. ಅವಳು ಹಂಪಮ್ಮನ ಮುಖವನ್ನು ಹತ್ತಿರದಿಂದ ನೋಡಿ, ಗದ್ದ ಮುಟ್ಟಿ, ಎರಡೂ ಕೈ ಮುಗಿದಳು.

"ಅವ್ವಾ, ನೀನೇ ಕಣಮ್ಮ ದ್ಯಾವರು. ಕುದುರೆ ಕೂದಲು ನರೂಲೀನ ತನ್ಕಡೆ ಎಳೀತೈತೆ, ನಿನ್ನದು ಕೊಂದೇ ಬುಡ್ತೈತೆ. ನಂಗೊಂದು ಎಳೆ ಕೊಡು ತಾಯೀ."

"ಅದನ್ನೇ ನಾನು ಹೇಳಾಕೆ ಹೊಂಟಿದ್ದೆ!" ಎಂದ ನರಸಪ್ಪ.

ಒಂದು ಗಳಿಗೆಯಲ್ಲಿ ಹಿಂದೆ ಸರಿದವರೆಲ್ಲ ಮುಂದೆ ನುಗ್ಗಿದರು. ಅವಳ ಕೈಯಲ್ಲಿದ್ದ ಉಂಡೆ ಯಾರ ಪಾಲಾಯಿತೋ ಗೊತ್ತಾಗಲಿಲ್ಲ. ಒಬ್ಬಳು ಅವಳ ಜಡೆಯ ತುದಿಗೇ ಕೈಹಾಕಿದಳು. ಚಂದ್ರ ಕಿವಿ ಹಿಂದಕ್ಕೆ ಮಾಡಿ ನೆಲಕ್ಕೆ ಕಾಲು ಅಪ್ಪಳಿಸಿದ್ದರಿಂದ ಜಡೆ ಉಳಿಯಿತು. ಸೀತಾರಾಮಪ್ಪನವರು ಟೋಪಿ ಹಾಕಿಕೊಂಡು ಹೊರಟುಹೋದರು. ಅವರ ಹೆಂಡತಿ ಸಾಯಂಕಾಲ ಹಿತ್ತಲ ಬಾಗಿಲಿನಿಂದ ಬಂದು ಹೋದದ್ದನ್ನು ನಾನು ಕಣ್ಣಾರೆ ಕಂಡೆ, ಅದನ್ನು ಅವರಿಗೆ ಹೇಳಲಿಲ್ಲ.

ತೋಟಪ್ಪನವರಂತೂ ವ್ಯಾಪಾರಿ. ಗದ್ದಲದ ನಡುವೆಯೇ ಅವರು ಎಲ್ಲವನ್ನೂ ತೂಗಿ ನೋಡಿ, "ಬೀಗ್ರೇ, ವೈಶಾಖ ಯಾಕೆ? ಚೈತ್ರದಲ್ಲೇ ಒಳ್ಳೇ ಮುಹೂರ್ತ ಐತೆ. ಹುಡುಗೀನ ಬೇಗ ಕಳಿಸಿಕೊಡಿ. ಕುದುರೆ ಗಿದುರೆ ಏನೂ ಬ್ಯಾಡ" ಎಂದರು.

"ಚಂದ್ರ ಬಂದ್ರೆ ನಾನು ಬತ್ತೀನಿ ಮಾವಾರೇ. ಇಲ್ದಿದ್ರೆ ಇಲ್ಲ" ಎಂದಳು ಹಂಪಮ್ಮ.

ತೋಟಪ್ಪನವರು ಕತ್ತು ಮುಟ್ಟಿಕೊಂಡು, ಬರಲಿ ಎಂದು ತಲೆಯಾಡಿಸಿದರು. ತಿಪ್ಪೇರುದ್ರಪ್ಪನವರು ಮಗಳ ತಲೆಯ ಮೇಲೆ ಕೈಯಿಟ್ಟರು. ಕುದುರೆಯ ಸುಳಿಗಳನ್ನೆಲ್ಲ ಹುಡುಕಿಸಿದ್ದ ಮನುಷ್ಯ, ಮಗಳ ಮನಸ್ಸಿನಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಚೈತ್ರದಲ್ಲಿ ಮದುವೆಯಾಗಿ, ಹಂಪಮ್ಮ ಕುಂದುರ್ಪಿ, ಮಡಕಶಿರಾ ದಾರಿಯಲ್ಲಿ ಗಾಡಿಯಲ್ಲಿ ಹೊರಟಳು. ಗಾಡಿಯ ಹಿಂದೆ ಚಂದ್ರ ಬಾಲ ಬೀಸುತ್ತಾ ನಡೆಯಿತು. ಅವಳು ಅಳಲಿಲ್ಲ, ಅತ್ತವರು ಕರಿಬಸಮ್ಮ. ಜೊತೆಗೆ ಹೋಗಿದ್ದ ನಾವು ನೋಡಿದಂತೆ, ಹಿಂದೂಪುರದ ಬೆಲ್ಲದ ಮಂಡಿಯ ಮುಂದೆ ಆಗಲೇ ಜನ ಸೇರಿದ್ದರು. ಒಬ್ಬ ಮೂಗು ಮುಟ್ಟಿಕೊಳ್ಳುತ್ತಿದ್ದ, ಇನ್ನೊಬ್ಬ ಮೊಣಕೈ ನೋಡಿಕೊಳ್ಳುತ್ತಿದ್ದ, ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಸರ್ವಮಂಗಳಮ್ಮ ಸೊಸೆಯ ಮುಖ ಬಿಟ್ಟು ಜಡೆ ನೋಡುತ್ತಿದ್ದರು.

ಹಂಪಮ್ಮ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಇಳಿದಳು. ಕುದುರೆಯ ಹಗ್ಗ ಅವಳ ಕೈಯಲ್ಲಿತ್ತು. ಬಾಚಿದ ಕೂದಲು ಯಾರ ಕೈಗೂ ಸಿಗದಂತೆ, ಬಾಚಣಿಗೆಯನ್ನು ಅವಳು ತವರಿನಲ್ಲೇ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ ಜೊತೆಗೆ ತಂದಿದ್ದಳು. ಬೀಗದ ಕೈ ಅವಳ ಸೊಂಟದಲ್ಲಿತ್ತು.